ವಾದಕ್ಕೆ ಒಪ್ಪಿಕೊಂಡ ಮಾತು

ನಮ್ಮ ವಠಾರದಲ್ಲಿ ಈಗ ಎಲ್ಲರೂ ಹೇಳುವ ಕಥೆ ಹೀಗಿದೆ: ಶ್ರೀರಾಂಪುರದ ಹುಡುಗಿಯೊಬ್ಬಳು ಮಲ್ಲೇಶ್ವರದ ಕಾಲೇಜಿನಲ್ಲಿ ಡಿಬೇಟ್ ಕಲಿತು, ತೈಲ ಕಂಪನಿಯ ಅಧಿಕಾರಿಯ ಬಾಯಿ ಮುಚ್ಚಿಸಿ ಬಾವಿ ಉಳಿಸಿದಳು. ಕೇಳಲು ಹಿತವಾಗಿದೆ. ಆದರೆ ಆ ಹುಡುಗಿ ನಾನೇ, ಮತ್ತು ಕಥೆ ಸುಳ್ಳು. ಅವತ್ತು ಬಾವಿಯನ್ನು ಕಳೆಯಲು ಹೊರಟಿದ್ದವಳು ನಾನು.

ವಠಾರದ ಹಿಂಬದಿಯ ಗೋಡೆಯಾಚೆ ಪೆಟ್ರೋಲ್ ಬಂಕ್, ಈಚೆ ನಮ್ಮ ಬಾವಿ. ನಲ್ಲಿ ನೀರು ಕುಡಿಯಲು ಸಾಲುತ್ತದೆ, ಉಳಿದದ್ದಕ್ಕೆಲ್ಲ ಬಾವಿಯೇ. ಎದುರು ಮನೆಯ ಅಕ್ಕ ಆ ನೀರಿನಲ್ಲೇ ಸೊಪ್ಪು ತೊಳೆದು ಸಂಪಿಗೆ ರಸ್ತೆಯಲ್ಲಿ ಮಾರುತ್ತಿದ್ದರು. ಒಂದು ದಿನ ಖಾಯಂ ಗಿರಾಕಿಯೊಬ್ಬರು ದಂಟಿನ ಸೊಪ್ಪು ಮೂಸಿ, "ಏನಮ್ಮಾ, ಸೊಪ್ಪಿಗೆ ಪೆಟ್ರೋಲ್ ಹಾಕ್ಸಿದೀಯಾ?" ಎಂದರಂತೆ. ಅಕ್ಕನೂ ನಕ್ಕರಂತೆ. ಮುಂದಿನ ವಾರ ಆ ಗಿರಾಕಿ ಪಕ್ಕದ ಬುಟ್ಟಿಯ ಮುಂದೆ ನಿಂತಿದ್ದರು. ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ.

ಬಾವಿ ನೀರಿಗೆ ಪೆಟ್ರೋಲ್ ವಾಸನೆ ಬರುತ್ತಿದೆ ಎಂದು ದೂರಿನ ಮೇಲೆ ದೂರು ಕೊಟ್ಟ ಬಳಿಕ ಕಂಪನಿಯ ಅಧಿಕಾರಿ ನಮ್ಮ ಅಂಗಳದಲ್ಲೇ ಸಭೆ ಕರೆದರು. ನೆಲದಡಿಯ ಟ್ಯಾಂಕನ್ನು ಪರೀಕ್ಷಿಸಿ ಎಂಬುದು ನಮ್ಮ ಬೇಡಿಕೆ. ಟ್ಯಾಂಕ್ ಸೋರುತ್ತಿಲ್ಲ ಎಂಬುದು ಅವರ ಉತ್ತರ. ಮನುಷ್ಯ ಸಭ್ಯ, ಒಮ್ಮೆಯೂ ದನಿ ಏರಿಸಲಿಲ್ಲ.

ನಾನು ಎದ್ದೆ. ಡಿಬೇಟಿನಲ್ಲಿ ಒಂದು ಪಟ್ಟು ಇದೆ: ಎದುರಾಳಿಯ ಮಾತನ್ನು ಮೊದಲು ಒಪ್ಪಿಕೊಂಡು, ಆಮೇಲೆ ಅದರಿಂದಲೇ ಅವನನ್ನು ಕೆಡವುವುದು.

"ಸರಿ ಸರ್, ಟ್ಯಾಂಕ್ ಸೋರ್ತಿಲ್ಲ ಅಂತಾನೇ ಇಟ್ಕೊಳ್ಳೋಣ. ಆದ್ರೂ ಶುದ್ಧ ನೀರು ನಮ್ಮ ಹಕ್ಕು ತಾನೇ? ಸೋರ್ತಿಲ್ಲ ಅಂದ್ಮೇಲೆ ಪರೀಕ್ಷೆಗೆ ಯಾಕೆ ಹೆದರ್ತೀರಾ?"

ಚಪ್ಪಾಳೆ ಬಿತ್ತು. ಬಹುಮಾನ ಬಂದವಳ ಹಾಗೆ ಕುಳಿತೆ.

ಅಧಿಕಾರಿ ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ಟೈಪ್ ಮಾಡುತ್ತಿದ್ದರು. ಕೊನೆಗೆ ಸಭೆಯ ನಡವಳಿಯನ್ನು ಬಂಕಿನ ಆಫೀಸಿನಲ್ಲಿ ಪ್ರಿಂಟ್ ತೆಗೆಸಿ ಸಹಿಗೆ ಕೊಟ್ಟರು. ಇಂಗ್ಲಿಷಿನಲ್ಲಿತ್ತು. ಮೊದಲ ಪುಟದಲ್ಲಿ ನಮ್ಮ ಬೇಡಿಕೆಗಳೆಲ್ಲ ಅಂದವಾಗಿ ಕೂತಿದ್ದವು. ನಾನು ಪೆನ್ನು ತೆರೆದೆ.

"ತಡಿಯೇ," ಎಂದರು ಅಕ್ಕ. "ಮಾರ್ಕೆಟ್ಟಲ್ಲಿ ಮೂಟೆ ಸುರಿಸದೆ ನಾನು ಸೊಪ್ಪು ತಗೊಳ್ಳಲ್ಲ. ಮೇಲಿನ ಕಟ್ಟು ಯಾವಾಗ್ಲೂ ಚೆನ್ನಾಗೇ ಇರುತ್ತೆ. ಕೆಳಗಿಂದು ಓದು."

"ಅಕ್ಕಾ, ನಾವು ಹೇಳಿದ್ದೇ ಇದೆ."

"ಇದ್ರೆ ಓದೋಕೇನು ಕಷ್ಟ? ಕನ್ನಡದಲ್ಲಿ ಓದು."

ಕೊನೆಯ ಪುಟ ತಿರುವಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಟ್ಯಾಂಕ್ ಸೋರುತ್ತಿಲ್ಲವೆಂದು ನಿವಾಸಿಗಳ ಪ್ರತಿನಿಧಿ ಒಪ್ಪಿಕೊಂಡಿದ್ದಾರೆ, ಆದ್ದರಿಂದ ಪರೀಕ್ಷೆಯ ಅಗತ್ಯವಿಲ್ಲ. ನನ್ನ ದನಿ ಅಲ್ಲೇ ಇಳಿಯಿತು.

"ಯಾರು ಒಪ್ಕೊಂಡಿದ್ದು?"

"ನಾನೇ ಅಕ್ಕಾ. ಸುಮ್ನೆ ವಾದಕ್ಕೆ ಅಂತ..."

"ವಾದಕ್ಕೆ ಒಪ್ಕೊಳ್ಳೋದಾ? ನನ್ ಸೊಪ್ಪು ಕೊಳೆತಿದೆ ಅಂತಾನೇ ಇಟ್ಕೊಳ್ಳಿ ಅಂತ ನಾನು ಕೂಗಿದ್ರೆ, ಯಾವನಾದ್ರೂ ತಗೋತಾನೇನೇ?"

ಅಂಗಳವೆಲ್ಲ ನಕ್ಕಿತು. ಅಧಿಕಾರಿಯೂ ನಕ್ಕರು. ಆ ಸಾಲನ್ನು ಹೊಡೆದುಹಾಕಿಸಿ, ನಮ್ಮೆದುರೇ ಪರೀಕ್ಷೆ ನಡೆಯಬೇಕೆಂದು ಬರೆಸಿದ ಮೇಲೆಯೇ ಅಕ್ಕ ಸಹಿ ಹಾಕಿದ್ದು.

ಪರೀಕ್ಷೆಯಲ್ಲಿ ಟ್ಯಾಂಕಿನಿಂದ ಹೊರಡುವ ಪೈಪಿನ ಜೋಡಣೆ ಸೋರುತ್ತಿದ್ದುದು ಸಿಕ್ಕಿಬಿತ್ತು. ಪೈಪು ಬದಲಾಯಿತು. ಬಾವಿಯನ್ನು ಮತ್ತೆ ಮತ್ತೆ ಬರಿದು ಮಾಡಿಸಿದರು. ತಿಂಗಳುಗಟ್ಟಲೆ ಕಂಪನಿ ಕಳಿಸಿದ ಟ್ಯಾಂಕರ್ ನೀರಿನಲ್ಲೇ ಬದುಕಿದೆವು. ಕಳೆದ ವಾರ ಪ್ರಯೋಗಾಲಯದ ವರದಿ ಬಂತು, ನೀರು ಬಳಸಬಹುದು ಎಂದು. ಅಕ್ಕ ಒಂದು ಕೊಡ ಸೇದಿ, ಮೂಸಿ, ನನ್ನ ಮೂಗಿಗೂ ಹಿಡಿದರು. ಏನೂ ವಾಸನೆಯಿಲ್ಲ. ನಾನು ಬಾವಿಕಟ್ಟೆಯ ಮೇಲೆ ಹಾಗೇ ಕುಳಿತುಬಿಟ್ಟೆ. ಅಕ್ಕ ಆಗಲೇ ಸೊಪ್ಪು ತೊಳೆಯಲು ಶುರುಮಾಡಿದ್ದರು.

ವರದಿ ತಂದುಕೊಟ್ಟವರು ಅದೇ ಅಧಿಕಾರಿ. ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಕೇಳು ಎಂದು ನಮಗೆ ಡಿಬೇಟಿನಲ್ಲಿ ಕಲಿಸುತ್ತಾರೆ. ನನಗೆ ಗೊತ್ತಿಲ್ಲದ್ದನ್ನು ಕೇಳಲು ಅವರ ಹಿಂದೆಯೇ ಗೇಟಿನವರೆಗೆ ಹೋದೆ. ನನ್ನ ಪ್ರಶ್ನೆ ಕೇಳಿಸಿಕೊಂಡು ಅವರು ಕಾರಿನೊಳಗೆ ಕೂತು ಹೊರಟುಹೋದರು. ನಾನು ಕೇಳಿದ್ದು ಇಷ್ಟೇ:

"ಸರ್, ಅವತ್ತು ನಾನು ಬರೀ ವಾದಕ್ಕೆ ಹಾಗಂದೆ ಅಂತ, ಟೈಪ್ ಮಾಡುವಾಗ್ಲೇ ನಿಮಗೆ ಗೊತ್ತಿತ್ತಾ?"