ಹದಿನಾಲ್ಕು ಸೊನ್ನೆಗಳ ನೋಟು

ನೈರೋಬಿಗೆ ಬಂದ ಮೂರನೇ ವಾರ ನನ್ನ ಕೈಯಲ್ಲಿ ನೂರು ಲಕ್ಷ ಕೋಟಿ ಡಾಲರ್ ಇತ್ತು. ಒಂದೇ ನೋಟು! ಒಂದರ ಮುಂದೆ ಹದಿನಾಲ್ಕು ಸೊನ್ನೆ. ಬೆರಳಿಟ್ಟು ಎರಡು ಸಲ ಎಣಿಸಿದೆ.

ಕೊಟ್ಟವರು ಕಿಲಿಮಾನಿ ಬಡಾವಣೆಯ ನಮ್ಮ ಎದುರು ಮನೆಯ ತೆಂಡಾಯಿ. ಜಿಂಬಾಬ್ವೆಯ ನಿವೃತ್ತ ಶಿಕ್ಷಕಿ, ಇಲ್ಲಿ ಮಗಳ ಜೊತೆಗಿದ್ದಾರೆ. ನನ್ನ ಗಂಡ ಔಷಧ ಕಾರ್ಖಾನೆಯ ಕೆಲಸಕ್ಕೆ ಹೊರಟರೆ, ಮೈಸೂರಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ನನಗೆ ಇಲ್ಲಿ ಮಾತಿಗೂ ಜನವಿರಲಿಲ್ಲ. ಕೊನೆಗೊಂದು ಶಾಲೆ, ಒಂದು ಪಾಠ ಮಾಡಿ ತೋರಿಸಿ, ಆಮೇಲೆ ಕೆಲಸದ ಮಾತು ಎಂದಿತ್ತು. ವಿಷಯ: ಯುದ್ಧದ ಬೆನ್ನಿಗೆ ಬರುವ ವಿಪರೀತ ಹಣದುಬ್ಬರ. ಅದನ್ನು ಹೇಳಿದ್ದೇ ತಡ, ತೆಂಡಾಯಿ ಒಳಗೆ ಹೋಗಿ ತಮ್ಮ ದೇಶದ ಈ ಹಳೆಯ ನೋಟು ತಂದರು.

"ಇದಕ್ಕೆ ಏನು ಬರ್ತಿತ್ತು?"

"ಬಸ್ ಚಾರ್ಜಿಗೂ ಸಾಲ್ತಿರಲಿಲ್ಲ. ಬ್ರೆಡ್ಡಿಗೆ ಕ್ಯೂ ನಿಂತ್ರೆ, ನಮ್ಮ ಸರದಿ ಬರೋಷ್ಟ್ರಲ್ಲಿ ರೇಟ್ ಬೇರೆ!"

"ನನ್ನ ಜೊತೆ ಕ್ಲಾಸಿಗೆ ಬರ್ತೀರಾ?"

"ಸವಾ," ಎಂದರು. 'ಆಯ್ತು' ಎನ್ನಲು ಇಲ್ಲಿ ಎಲ್ಲರ ಬಾಯಲ್ಲೂ ಇದೇ ಮಾತು.

ತರಗತಿಯಲ್ಲಿ ನೋಟು ಕೈಯಿಂದ ಕೈಗೆ ಹೋಯಿತು. ಕಾಂಗೋ ಯುದ್ಧಕ್ಕೆ ಜಿಂಬಾಬ್ವೆ ಸುರಿದ ಹಣ, ಸ್ವಾತಂತ್ರ್ಯ ಯುದ್ಧದ ಮಾಜಿ ಹೋರಾಟಗಾರರಿಗೆ ಕೊಟ್ಟ ಪರಿಹಾರ, ಸರ್ಕಾರ ದೊಡ್ಡ ಜಮೀನುಗಳನ್ನು ಕಿತ್ತುಕೊಂಡ ಮೇಲೆ ಕುಸಿದ ಬೆಳೆ, ಬರಿದಾದ ಬೊಕ್ಕಸ, ಎಲ್ಲ ವಿವರಿಸಿದೆ.

"ದುಡ್ಡು ಸಾಲದಿದ್ರೆ ಪ್ರಿಂಟ್ ಮಾಡಿದ್ರಾಯ್ತಲ್ಲ?" ಎಂದಳು ಒಬ್ಬ ವಿದ್ಯಾರ್ಥಿನಿ.

"ನಮ್ಮ ಸರ್ಕಾರವೂ ಹಾಗೇ ಅಂದ್ಕೊಂಡಿತ್ತು," ಎಂದರು ತೆಂಡಾಯಿ. ಎಲ್ಲರೂ ನಕ್ಕರು. "ಸಾಮಾನು ಕಡಿಮೆ, ನೋಟು ಜಾಸ್ತಿ. ಜನಕ್ಕೆ ನೋಟಿನ ಮೇಲೆ ನಂಬಿಕೆ ಹೋದ್ಮೇಲೆ ಯಾರೂ ಅದನ್ನ ಕೈಲಿಟ್ಕೊಳ್ಳಲ್ಲ."

"ಮತ್ತೆ ರೇಟ್ ಏರೋದು ನಿಂತಿದ್ದು ಹೇಗೆ?" ಎಂದು ಅವಳೇ ಕೇಳಿದಳು.

"ನಮ್ಮ ನೋಟನ್ನೇ ಬಿಟ್ವಿ. ಅಮೆರಿಕದ ಡಾಲರ್ ತಗೊಂಡ್ವಿ. ಅದನ್ನ ನಮ್ಮವರು ಪ್ರಿಂಟ್ ಮಾಡೋಕಾಗಲ್ವಲ್ಲ! ಅಂಗಡಿ ತುಂಬ್ತು, ರೇಟ್ ಏರೋದು ನಿಂತ್ಹೋಯ್ತು." ಕೈಗೆ ಮರಳಿ ಬಂದ ನೋಟನ್ನು ಮಡಿಸಿದರು. "ನಾನು ಜೀವಮಾನವಿಡೀ ಉಳಿಸಿದ್ದು ಮಾತ್ರ ವಾಪಸ್ ಬರಲಿಲ್ಲ."

ಇಷ್ಟು ವರ್ಷ ಕಲಿಸಿದ ಪಾಠ ನನಗೇ ಅಂದು ಅರ್ಥವಾಯಿತು.

"ಸೋಮವಾರದಿಂದ ಬನ್ನಿ," ಎಂದರು ಪ್ರಾಂಶುಪಾಲರು. ಗೇಟಿನಾಚೆ ತೆಂಡಾಯಿಯೂ ನಾನೂ ಕೈಹಿಡಿದು ಕುಣಿದೆವು. ಮಟಾಟುವಿನ, ಅಂದರೆ ಇಲ್ಲಿನ ಖಾಸಗಿ ಮಿನಿ ಬಸ್ಸಿನ, ಕಂಡಕ್ಟರ್ ನಮ್ಮನ್ನು ನೋಡಿ ಶಿಳ್ಳೆ ಹೊಡೆದ.

ಮನೆಗೆ ಬಂದವಳೇ ಮೈಸೂರಿನ ಅಕ್ಕನಿಗೆ ಫೋನ್ ಮಾಡಿದೆ.

"ಸಂಬಳ ರೂಪಾಯೀಲಿ ಕೊಡ್ತಾರೇನೇ?"

"ಇಲ್ಲ ಕಣೇ, ನಮ್ಮ ಕೀನ್ಯಾದ ಶಿಲ್ಲಿಂಗಲ್ಲೇ."

"ನಮ್ಮದಾ? ಯಾವತ್ತಿಂದ?"

ನಕ್ಕುಬಿಟ್ಟೆ. ಫೋನಿಟ್ಟ ಮೇಲೆ ಸಂಬಳ ಎಷ್ಟು ರೂಪಾಯಿ ಆಗುತ್ತದೆಂದು ಲೆಕ್ಕ ಹಾಕುತ್ತ ಕೂತೆ.