ಒಂದು ಗುಟುಕಿನ ಮೊದಲು

ದುಬೈಯಲ್ಲಿ ಹೋಮ್ ನರ್ಸ್ ಆಗಿ ನಾನು ನೋಡಿಕೊಳ್ಳುತ್ತಿದ್ದ ಮುದುಕಿ ಮುಂಬೈ ಕಡೆಯ ಯಹೂದಿ. ಮಗನ ಫ್ಲ್ಯಾಟಿನಲ್ಲಿದ್ದರು. ಅವರದು ಮರಾಠಿ, ನನ್ನದು ಮಂಗಳೂರಿನ ಕೊಂಕಣಿ; ಎರಡನ್ನೂ ಕಲಸಿ ಹೇಗೋ ಮಾತಾಡಿಕೊಳ್ಳುತ್ತಿದ್ದೆವು. ಒಂದು ಗುಟುಕು ನೀರು ಕುಡಿಯಬೇಕಾದರೂ ಅವರು ಹೀಬ್ರೂವಿನಲ್ಲಿ ಸ್ತುತಿ ಹೇಳಲೇಬೇಕು, ಎಲ್ಲವೂ ದೇವರ ಮಾತಿನಿಂದ ಆಯಿತು ಎಂದು. ಲೋಟ ಬಲಗೈಯಲ್ಲಿ, ಕಣ್ಣು ನೀರಿನ ಮೇಲೆ, ಅವಸರವೇ ಇಲ್ಲ. ನಾನೋ ಇಗರ್ಜಿಯಲ್ಲಿ ಬೆಳೆದವಳು, ಆಮೆನ್ ನಾಲಗೆಯ ತುದಿಯಲ್ಲೇ ಇರುತ್ತದೆ. ಮೊದಲ ದಿನ ಅವರು ಮುಗಿಸುವ ಮೊದಲೇ ಅಂದುಬಿಟ್ಟೆ.

"ಅಲ್ ನಹ್ದಾದ ಬಸ್ಸು ಹಿಡೀಲಿಕ್ಕುಂಟಾ ನಿಂಗೆ?" ಎಂದು ಗದರಿದರು. "ಪೂರ್ತಿ ಕೇಳು. ಯಾವುದಕ್ಕೆ ಆಮೆನ್ ಹೇಳ್ತಿ ಅಂತ ಗೊತ್ತಿರ್ಬೇಕು."

ಆಮೇಲೆ ಮರೆವು ಬಂತು. "ಬಾರುಖ್" ಎಂದು ಶುರುಮಾಡಿ ನಡುವೆ ನಿಂತುಬಿಡುತ್ತಿದ್ದರು. ಸ್ತುತಿ ಮುಗಿಯದೆ ಕುಡಿಯುವಂತಿಲ್ಲ, ಲೋಟ ಕೆಳಗೆ. ಒಂದು ದಿನ ಬೆಳಗ್ಗಿನಿಂದ ಒಂದು ಹನಿಯೂ ಒಳಗೆ ಹೋಗಿರಲಿಲ್ಲ. ತುಟಿ ಒಡೆದಿತ್ತು. ಸಂಜೆಯೊಳಗೆ ಕುಡಿಯದಿದ್ದರೆ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕುವುದೇ ಎಂದರು ಡಾಕ್ಟರು. ಹೋದ ಸಲ ಡ್ರಿಪ್ ಕಿತ್ತುಕೊಂಡರೆಂದು ಅಲ್ಲಿ ಅವರ ಎರಡೂ ಕೈ ಕಟ್ಟಿದ್ದರು. ಅವತ್ತು ಇಡೀ ದಿನ ಹಾಗೇ ಮಲಗಿ ಅವರು ನನ್ನನ್ನೇ ನೋಡುತ್ತಿದ್ದರು. ಅದನ್ನು ಇನ್ನೊಮ್ಮೆ ನೋಡುವ ಶಕ್ತಿ ನನ್ನಲ್ಲಿರಲಿಲ್ಲ.

ಮಗನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಅಬುಧಾಬಿಯಲ್ಲಿ ಯಾವುದೋ ಮೀಟಿಂಗಿನ ನಡುವೆ ಹೊರಗೆ ಬಂದು, ಸ್ತುತಿಯನ್ನು ಬಡಬಡ ಹೇಳಿ ಮುಗಿಸಿದರು.

"ಯಾರಿದು? ಇವನಿಗೆ ಬಾಯಾರಿಕೆಯೇ ಇಲ್ಲ," ಎಂದರು ತಾಯಿ.

ಕೇಳಿ ಕೇಳಿ ನನಗದು ಬಾಯಿಪಾಠವಾಗಿತ್ತು. ನಾನೇ ಒಂದೊಂದೇ ಪದ ಹೇಳಿಕೊಟ್ಟೆ. ಅವರು ತುಟಿ ಬಿಗಿದರು.

"ನೀನು ಲೋಟ ಖಾಲಿ ಮಾಡ್ಸ್ಲಿಕ್ಕೆ ಹೇಳ್ತಾ ಇದ್ದಿ."

ಹೌದು, ಮತ್ತೆ! ಇನ್ಯಾತಕ್ಕೆ ಹೇಳಬೇಕು? ಸಿಟ್ಟು ನೆತ್ತಿಗೇರಿತು. ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಮುಖ ತೊಳೆಯಲು ತಣ್ಣೀರಿನ ನಲ್ಲಿ ತಿರುಗಿಸಿದರೆ ಅದರಲ್ಲೂ ಬಿಸಿನೀರು, ಬೇಸಿಗೆ ಅಲ್ಲವೇ. ನಾನೂ ಬೆಳಗ್ಗಿನಿಂದ ನೀರು ಕುಡಿದಿಲ್ಲ ಎಂಬುದು ಆಗ ನೆನಪಾಯಿತು.

ಅವರ ಲೋಟ ಅವರ ಕೈಗಿಟ್ಟು, ನನಗೂ ಒಂದು ಲೋಟ ತುಂಬಿಕೊಂಡು ಅವರೆದುರು ಕುಳಿತೆ. ಗಂಟಲು ಉರಿಯುತ್ತಿತ್ತು. ನೀರನ್ನೇ ನೋಡುತ್ತಾ ನಿಧಾನವಾಗಿ ಸ್ತುತಿ ಹೇಳಿದೆ. ಡಾಕ್ಟರು, ಸಂಜೆ, ಕಟ್ಟಿದ ಕೈ ಯಾವುದೂ ತಲೆಯಲ್ಲಿರಲಿಲ್ಲ. ನೀರು ಬೇಕಿತ್ತು, ನೀರಿತ್ತು. ಅವರ ತುಟಿ ನನ್ನ ಜೊತೆಗೇ ಅಲ್ಲಾಡಿತು, ಕೊನೆಯ ಪದದವರೆಗೂ. ಅವರು ಮುಗಿಸುವವರೆಗೆ ಕಾದು, ಆಮೆನ್ ಅಂದೆ. ಅವರು ಒಂದು ಗುಟುಕು ಕುಡಿದರು. ನಾನು ನನ್ನ ಲೋಟವನ್ನು ಗಟಗಟನೆ ಮುಗಿಸಿಬಿಟ್ಟೆ. ಅಷ್ಟು ಸಂತೋಷ!

"ಇನ್ನೊಂದು ಗುಟುಕು, ಆಂಟಿ."

ಅವರು ಕೈಯಲ್ಲಿದ್ದ ಲೋಟವನ್ನು ಆಗಷ್ಟೇ ಕಂಡವರಂತೆ ನೋಡಿದರು.

"ಸ್ತುತಿ ಹೇಳದೆಯಾ?"

ನನ್ನ ಬಾಯಾರಿಕೆ ಅಷ್ಟರಲ್ಲಿ ತೀರಿಹೋಗಿತ್ತು.