ಸ್ವರ ಕಳೆದುಕೊಂಡು ಶಿವನಿ ಊರಿಗೆ ಹೋದದ್ದು

ಹೋದ ವರ್ಷದ ಕ್ರಿಸ್ಮಸ್‌ಗೆ ಇನ್ನೂ ಹತ್ತು ಹನ್ನೆರಡು ದಿನ ಇತ್ತು. ಮನೆಮನೆಗೆ ಹೋಗಿ ಕ್ಯಾರಲ್ಸ್ ಹಾಡಿ ಹಾಡಿ ನನ್ನ ಗಂಟಲು ಪೂರ್ತಿ ಕಟ್ಟಿಹೋಯಿತು. ಒಂದು ವಾರ ಬಾಯಿ ತೆರೆಯಬೇಡಿ, ಪಿಸುಮಾತೂ ಬೇಡ ಎಂದರು ಡಾಕ್ಟರು. ರೈಲ್ವೆಯಲ್ಲಿರುವ ನನ್ನ ಯಜಮಾನರಿಗೆ ಆದ ಸಂತೋಷವನ್ನು ಇಲ್ಲಿ ಬರೆಯುವುದಿಲ್ಲ.

ಬೀರೂರಿನ ನಮ್ಮ ಸಭೆಯಲ್ಲಿ ಪ್ರಾರ್ಥನೆಗೆ, ಬುದ್ಧಿ ಹೇಳುವುದಕ್ಕೆ ಮೊದಲು ಕರೆಯುವುದು ನನ್ನನ್ನೇ. ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವಷ್ಟರಲ್ಲಿ ನನ್ನ ಮಾತು ಶುರುವಾಗಿರುತ್ತದೆ. ಅದು ದೇವರು ಕೊಟ್ಟ ವರ, ಸುಳ್ಳು ವಿನಯ ನನಗೆ ಬರುವುದಿಲ್ಲ. ಆದರೆ ಆ ವಾರವೇ ಪಾಸ್ಟರ್ ನನಗೊಂದು ಕೆಲಸ ಒಪ್ಪಿಸಿದ್ದರು.

ತಿಂಗಳ ಮೊದಲ ಭಾನುವಾರವೂ ಕ್ರಿಸ್ಮಸ್ ದಿನವೂ ನಮ್ಮಲ್ಲಿ ಪ್ರಭುಭೋಜನ. ವೇದಿಕೆಯ ಮುಂದೆ ಮೊಣಕಾಲೂರಿ ರೊಟ್ಟಿ, ಪುಟ್ಟ ಬಟ್ಟಲಲ್ಲಿ ದ್ರಾಕ್ಷಾರಸ ತೆಗೆದುಕೊಳ್ಳುತ್ತೇವೆ. ಯಾರ ಮೇಲಾದರೂ ದ್ವೇಷ ಇಟ್ಟುಕೊಂಡವರು ಮುಂದೆ ಬರಬಾರದು ಎಂಬುದು ರೂಢಿ. ಹಾಗಾಗಿ ಯಾರಾದರೂ ಬೆಂಚಿನಲ್ಲೇ ಉಳಿದರೆ ಎಲ್ಲರ ಕಣ್ಣೂ ಅತ್ತಲೇ. ಶಿವನಿಯಿಂದ ರೈಲಿನಲ್ಲಿ ಬರುವ ಎಲಿಸಮ್ಮಕ್ಕ ಕೆಲವು ತಿಂಗಳಿಂದ ಹಾಗೆ ಉಳಿಯತೊಡಗಿದ್ದರು. ವಾರಗಿತ್ತಿಯ ಜೊತೆ ಜಗಳವಂತೆ, ಕ್ಷಮಿಸಿಲ್ಲವಂತೆ ಎಂದು ಗುಸುಗುಸು ಹಬ್ಬಿತ್ತು. ಆಮೇಲೆ ಅವರು ಚರ್ಚಿಗೆ ಬರುವುದನ್ನೇ ನಿಲ್ಲಿಸಿಬಿಟ್ಟರು. "ಕ್ರಿಸ್ಮಸ್‌ಗಾದ್ರೂ ಬರೋ ಹಂಗೆ ನೀವೇ ಹೋಗಿ ಮಾತಾಡಿ, ಗ್ರೇಸಮ್ಮ" ಎಂದಿದ್ದರು ಪಾಸ್ಟರ್. ಕ್ಷಮೆಯ ಬಗ್ಗೆ ಅರ್ಧ ಗಂಟೆ ಹೇಳುವಷ್ಟು ಸಿದ್ಧ ಮಾಡಿಕೊಂಡಿದ್ದೆ. ಅಷ್ಟರಲ್ಲಿ ಸ್ವರವೇ ಹೋಯಿತು.

ಆದರೂ ಹೊರಟೆ. ಒಪ್ಪಿಕೊಂಡ ಕೆಲಸ ಬಿಡುವವಳಲ್ಲ ನಾನು. ಕೈಯಲ್ಲಿ ಕರ್ಜಿಕಾಯಿ ಡಬ್ಬಿ.

ಬಾಗಿಲು ತೆಗೆದ ಎಲಿಸಮ್ಮಕ್ಕನ ಮುಖ ಗಂಟಾಯಿತು. "ಬುದ್ಧಿ ಹೇಳಕ್ಕೆ ಕಳಿಸಿದ್ರೇನೇ?"

ಗಂಟಲು ಮುಟ್ಟಿ ತೋರಿಸಿ ಕೈಯಾಡಿಸಿದೆ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬಾಗಿಲು ಹಿಡಿದುಕೊಂಡು ನಕ್ಕರು ನೋಡಿ! "ದೇವ್ರು ದೊಡ್ಡೋನು ಕಣೇ ಗ್ರೇಸಿ! ನಿನ್ ಬಾಯಿಗೂ ರಜಾ ಕೊಟ್ಬಿಟ್ನಲ್ಲ. ಬಾ, ಬಾ."

ಕಾಫಿ ತಂದರು. ಅರ್ಧ ಲೋಟ ಮಾತ್ರ ಇತ್ತು, ತಟ್ಟೆಯಲ್ಲೂ ಒಂದಿಷ್ಟು ಚೆಲ್ಲಿತ್ತು. ಕೊಟ್ಟವರೇ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ಕೂತರು. ನನಗೋ ಮಾತು ಗಂಟಲವರೆಗೆ ಬಂದು ಒದ್ದಾಡುತ್ತಿತ್ತು. ಬೇರೆ ದಾರಿಯಿಲ್ಲದೆ ಅವರ ಮುಖವನ್ನೇ ನೋಡುತ್ತಾ ಕೂತೆ. ಅವರು ಹಸು ಕರು ಹಾಕಿದ ಸುದ್ದಿ ಹೇಳಿದರು, ಮಗಳ ಸುದ್ದಿ ಹೇಳಿದರು, ಸುಮ್ಮನಾದರು. ನಾನೂ ಸುಮ್ಮನೇ ಇದ್ದೆ. ಬಹಳ ಹೊತ್ತಾದ ಮೇಲೆ ಸೆರಗಿನಿಂದ ಬಲಗೈ ಹೊರಗೆ ತೆಗೆದರು.

"ನೋಡೇ."

ಕೈ ಗಡಗಡ ನಡುಗುತ್ತಿತ್ತು.

"ರೊಟ್ಟಿ ಹೆಂಗೋ ತಗಂಡೇನು. ಆ ಪುಟ್ಟ ಬಟ್ಲು ಹಿಡಿಯಕ್ಕಾಗಲ್ಲ. ಎಲ್ರೆದುರಿಗೂ ಚೆಲ್ಬಿಟ್ರೆ? ಅದೇನು ಕಾಫಿ ಅಲ್ವಲ್ಲೇ, ಒರೆಸಿ ಹಾಕಕ್ಕೆ." ಕಣ್ಣೀರು ಇಳಿಯಿತು. "ಜಗಳ ಅಂದ್ಕಂಡ್ರು. ಅಂದ್ಕಳ್ಳಿ ಅಂತ ಬಿಟ್ಟೆ. ನೀವೆಲ್ಲ ಯಾಕ್ ಬರ್ಲಿಲ್ಲ ಅಂತ ಕೇಳ್ದಂಗೆ ಮಾಡಿ, ನೀವೇ ಉತ್ರನೂ ಹೇಳ್ಬಿಡ್ತೀರಲ್ಲೇ."

ಸ್ವರ ಇದ್ದಿದ್ದರೆ ಕ್ಷಮೆಯ ಪಾಠ ಮಾಡಿ, ಈ ಸಹೋದರಿಯ ಮನಸ್ಸಿನ ಕಹಿ ತೆಗೆದುಹಾಕು ಸ್ವಾಮಿ ಎಂದು ಗಟ್ಟಿಯಾಗಿ ಪ್ರಾರ್ಥಿಸಿ, ಮಧ್ಯಾಹ್ನದ ರೈಲಿಗೆ ಗೆದ್ದವಳ ಹಾಗೆ ವಾಪಸಾಗಿರುತ್ತಿದ್ದೆ. ಅವರ ಕೈಯನ್ನು ನನ್ನ ಎರಡು ಕೈಯಲ್ಲಿ ಹಿಡಿದುಕೊಂಡೆ. ಪ್ರಭುಭೋಜನಕ್ಕೆ ನಿಮ್ಮ ಪಕ್ಕ ನಾನಿರುತ್ತೇನೆ ಎಂದು ಸನ್ನೆ ಮಾಡಿದೆ.

ಕ್ರಿಸ್ಮಸ್ ಬೆಳಗಿನ ಹೊತ್ತಿಗೆ ನನ್ನ ಗಂಟಲು ಸರಿಯಾಗಿತ್ತು. ಸಭೆಯವರಿಗೆ ಅದು ಮೊದಲ ಹಾಡಿನಲ್ಲೇ ಗೊತ್ತಾಯಿತು. ಆದರೆ ನನ್ನ ಕಣ್ಣೆಲ್ಲ ಬಾಗಿಲ ಮೇಲೆ. ಎರಡನೇ ಹಾಡು ಮುಗಿಯುವಾಗ ಎಲಿಸಮ್ಮಕ್ಕ ಒಳಗೆ ಬಂದು, ಯಾರನ್ನೂ ನೋಡದೆ ನನ್ನ ಪಕ್ಕ ಕೂತರು.

ಪ್ರಭುಭೋಜನಕ್ಕೆ ಕರೆದಾಗ ಜೊತೆಯಲ್ಲಿ ಹೋಗಿ ಮೊಣಕಾಲೂರಿದೆವು. ಬಟ್ಟಲು ಬಂತು. ಅವರ ಕೈಯ ಸುತ್ತ ನನ್ನ ಕೈ ಇಟ್ಟೆ. ಎಷ್ಟು ಬಿಗಿಯಾಗಿ ಹಿಡಿದರೂ ನಾಲ್ಕು ಹನಿ ಚೆಲ್ಲಿ ನಮ್ಮಿಬ್ಬರ ಬೆರಳ ಮೇಲೆ ಇಳಿಯಿತು. ಅವರು ಹೆದರಿ ನನ್ನತ್ತ ನೋಡಿದರು. ಹೇಳಲು ನನ್ನ ಬಳಿ ಬೇಕಾದಷ್ಟು ಮಾತಿತ್ತು, ಈಗ ಸ್ವರವೂ ಇತ್ತು. ಏನೂ ಹೇಳಲಿಲ್ಲ. ಅವರು ಕುಡಿದು ಮುಗಿಸುವವರೆಗೆ ಕೈ ಬಿಡಲಿಲ್ಲ, ಅಷ್ಟೇ.

ಈಗಲೂ ಮನೆ ಭೇಟಿಗೆ ಮೊದಲು ಕರೆಯುವುದು ನನ್ನನ್ನೇ, ಹೋಗುತ್ತೇನೆ. ಆದರೆ ಕೊಟ್ಟ ಕಾಫಿ ಮುಗಿಯುವವರೆಗೆ ನಾನಾಗಿ ಬಾಯಿ ತೆರೆಯುವುದಿಲ್ಲ. ನಾನು ಸುಮ್ಮನೆ ಕೂತದ್ದು ಕಂಡರೆ ಎಲಿಸಮ್ಮಕ್ಕ, "ಏನೇ ಗ್ರೇಸಿ, ಮತ್ತೆ ಗಂಟ್ಲು ಕಟ್ತೇನೇ?" ಎಂದು ಛೇಡಿಸುತ್ತಾರೆ. ಹೂಂ ಎಂದು ತಲೆಯಾಡಿಸುತ್ತೇನೆ. ಮೊದಲ ಭಾನುವಾರ ಬಂತೆಂದರೆ ಅವರು ಬೆಂಚಿನಲ್ಲಿ ತಮ್ಮ ಪಕ್ಕದ ಜಾಗಕ್ಕೆ ಸೆರಗು ಹಾಸಿ, ನಾನು ಬರುವವರೆಗೂ ಯಾರಿಗೂ ಬಿಟ್ಟುಕೊಡುವುದಿಲ್ಲ.